ಪಕ್ಕದ ಶಾಲೆಯ ಮೇಷ್ಟ್ರು

ಮೂರನೇ ತರಗತಿಯಲ್ಲಿ ಉಕ್ತಲೇಖನ ನಡೆದಿದೆ. ಮೇಡಂ ಬಿಡಿಸಿ ಬಿಡಿಸಿ ಹೇಳುತ್ತಾರೆ: ‘ಹಕ್ಕಿ ಹಾರುತ್ತದೆ’. ಮಗು ಬರೆಯುತ್ತದೆ: ‘ಅಕ್ಕಿ ಆರುತ್ತದೆ’. ಮೇಡಂ ಕೆಂಪು ಶಾಯಿಯಲ್ಲಿ ಗೀಟೆಳೆದು, ‘ಹ’ ಬರೆದುಕೊಟ್ಟು, ಹತ್ತು ಸಲ ತಿದ್ದು ಎನ್ನುತ್ತಾರೆ. ಮಗು ಹತ್ತು ಸಲವೂ ತಿದ್ದುತ್ತದೆ. ಮರುವಾರ ಮತ್ತೆ ‘ಅಕ್ಕಿ’ಯೇ. ಜೊತೆಗೆ ಹೊಸದೊಂದು ತೊಡಕು: ಇಲ್ಲಿಯವರೆಗೆ ಸರಿಯಾಗಿಯೇ ಬರೆಯುತ್ತಿದ್ದ ‘ಆದರೆ’ ಈಗ ‘ಹಾದರೆ’ ಆಗಿಬಿಟ್ಟಿರುತ್ತದೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕೆಳಗಿನ ತರಗತಿಗೆ ಕನ್ನಡ ಕಲಿಸಿದ ಯಾರಿಗೂ ಇದು ಹೊಸದಲ್ಲ. ಈ ಸೀಮೆಯ ಮನೆಮಾತಿನಲ್ಲಿ ‘ಹ’ ಉಳಿಯುವುದು ಅಪರೂಪ. ಅವ್ವ ಆಲು ಕರೀತಾವ್ಳೆ, ಅಪ್ಪ ಒಲಕ್ಕೋಗವ್ನೆ. ಮಗು ಕೇಳಿಸಿಕೊಂಡಿದ್ದರಲ್ಲಿ ತಪ್ಪಿಲ್ಲ, ಆರು ವರ್ಷ ಕೇಳಿದ ಹಾಗೆಯೇ ಅದು ಬರೆದಿದೆ. ಬೇರೆ ಜಿಲ್ಲೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಶಿಕ್ಷಕಿಗೆ ಇದು ಮಗುವಿನ ಅಜಾಗರೂಕತೆ ಅಂತಲೋ, ಕಿವಿಯ ದೋಷ ಅಂತಲೋ ತೋರಬಹುದು. ಡಿ.ಎಡ್. ಪುಸ್ತಕದಲ್ಲಿ ಇದಕ್ಕೆ ಪರಿಹಾರ ಬರೆದಿಲ್ಲ. ರಾಜ್ಯಕ್ಕೆಲ್ಲ ಒಂದೇ ಎಂದು ಸಿದ್ಧವಾಗುವ ತರಬೇತಿ ಮಾಡ್ಯೂಲಿನಲ್ಲಿ ಮಂಡ್ಯದ ‘ಹ’ಕಾರಕ್ಕೆ ಜಾಗವೂ ಇರುವುದಿಲ್ಲ.

ಉತ್ತರ ಇರುವುದು ಮೂರು ಕಿಲೋಮೀಟರ್ ಆಚೆ, ಪಕ್ಕದೂರಿನ ಶಾಲೆಯ ಮೇಷ್ಟ್ರ ಹತ್ತಿರ. ಇಪ್ಪತ್ತು ವರ್ಷದಿಂದ ಇದೇ ಹೋಬಳಿಯಲ್ಲಿ ಒಂದನೇ ತರಗತಿ ನೋಡಿಕೊಂಡವರು ಇಂಥದ್ದಕ್ಕೆ ತಮ್ಮದೇ ದಾರಿ ಕಂಡುಕೊಂಡಿರುತ್ತಾರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹ’ ಅನ್ನಿ, ಉಸಿರು ಕೈಗೆ ತಾಗುತ್ತದೆ. ‘ಅ’ ಅನ್ನಿ, ಹಾಗೆ ತಾಗುವುದಿಲ್ಲ. ಇದು ಮೊದಲ ಆಟ. ಆಮೇಲೆ ಜೋಡಿ ಮಿಂಚುಪಟ್ಟಿಗಳು: ಹಾಡು-ಆಡು, ಹತ್ತು-ಅತ್ತು, ಹಳೆ-ಅಳೆ, ಹುಳಿ-ಉಳಿ, ಹೊತ್ತು-ಒತ್ತು. ಒಂದೊಂದಕ್ಕೂ ಚಿತ್ರ. ಉಳಿ ತೋರಿಸಿದರೆ ಬಡಗಿಯ ಮನೆಯ ಮಗು ಎದ್ದು ನಿಲ್ಲುತ್ತದೆ, ಹುಳಿ ಎಂದರೆ ಎಲ್ಲರ ಬಾಯಲ್ಲೂ ನೀರು. ಇಷ್ಟರ ಜೊತೆಗೆ ಒಂದು ಮುಖ್ಯವಾದ ಎಚ್ಚರ: ಮನೆಯಲ್ಲಿ ಆಡುವ ಮಾತು ತಪ್ಪು ಅಂತ ಮಗುವಿಗೆ ಅನ್ನಿಸಬಾರದು. ಹಾಗನ್ನಿಸಿದ ಮಗು ಸಿಕ್ಕ ಸಿಕ್ಕ ಕಡೆಯೆಲ್ಲ ‘ಹ’ ಹಚ್ಚಲು ಶುರುಮಾಡುತ್ತದೆ. ‘ಹಾದರೆ’ ಹುಟ್ಟುವುದು ಹೀಗೆ.

ಈ ತಿಳಿವಳಿಕೆಗೆ ಯಾವ ಸರ್ಟಿಫಿಕೇಟೂ ಇಲ್ಲ. ಇದು ಒಬ್ಬ ಮೇಷ್ಟ್ರ ಕೈಯಿಂದ ಇನ್ನೊಬ್ಬ ಮೇಷ್ಟ್ರ ಕೈಗೆ ದಾಟಬೇಕು. ದಾಟಲು ಅವರಿಬ್ಬರೂ ಒಂದು ಕಡೆ ಕೂರಬೇಕು, ಕೂತಾಗ ಮಕ್ಕಳ ಬರವಣಿಗೆಯನ್ನು ಮುಂದಿಟ್ಟುಕೊಂಡಿರಬೇಕು. ಶಿಕ್ಷಕರ ವೃತ್ತಿ ಬೆಳವಣಿಗೆಯ ಬಗ್ಗೆ ದೆಹಲಿಯಿಂದ ಬೆಂಗಳೂರಿನ ತನಕ ಬರೆದಿಟ್ಟ ಕಡತಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಇಬ್ಬರನ್ನು ಒಂದು ಕಡೆ ಕೂರಿಸುವ ಪ್ರಶ್ನೆಯ ಎದುರಿಗೇ.

ಮಂಡ್ಯಕ್ಕೆ ಮೊದಲೇ ಸಿಕ್ಕ ಅವಕಾಶ

ಕೂರಲು ಜಾಗ ಇಲ್ಲದಿಲ್ಲ. ಮಂಡ್ಯ ಜಿಲ್ಲೆಗೆ ಅದು ರಾಜ್ಯದ ಹೆಚ್ಚಿನ ಜಿಲ್ಲೆಗಳಿಗಿಂತ ಮೊದಲೇ ಸಿಕ್ಕಿತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, 1994ರಲ್ಲಿ ಕರ್ನಾಟಕಕ್ಕೆ ಬಂದಾಗ ಮೊದಲ ಸುತ್ತಿಗೆ ಆಯ್ಕೆಯಾದದ್ದು ನಾಲ್ಕೇ ಜಿಲ್ಲೆ: ಬೆಳಗಾವಿ, ಕೋಲಾರ, ರಾಯಚೂರು ಮತ್ತು ಮಂಡ್ಯ. ಹೆಣ್ಣುಮಕ್ಕಳ ಸಾಕ್ಷರತೆ ದೇಶದ ಸರಾಸರಿಗಿಂತ ಕೆಳಗಿದ್ದ ಜಿಲ್ಲೆಗಳು, ಸಾಕ್ಷರತಾ ಆಂದೋಲನ ಚೆನ್ನಾಗಿ ನಡೆದು ಶಾಲೆಯ ಬೇಡಿಕೆ ಹೆಚ್ಚಿದ ಜಿಲ್ಲೆಗಳು ಅದರ ಗುರಿಯಾಗಿದ್ದವು. ಹೊಸ ಕೊಠಡಿ, ಹೊಸ ಶಿಕ್ಷಕರ ಜೊತೆಗೆ ಡಿಪಿಇಪಿ ತಂದ ಬಹುಕಾಲ ಬಾಳುವ ಸಂಗತಿ ಎಂದರೆ ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತಿಪ್ಪತ್ತು ಶಾಲೆಗಳಿಗೊಂದು ಸಮೂಹ ಸಂಪನ್ಮೂಲ ಕೇಂದ್ರ. ಶಿಕ್ಷಕರ ಬಾಯಲ್ಲಿ ಇವು ಬಿಆರ್‌ಸಿ, ಸಿಆರ್‌ಸಿ. ಅನುಭವಿ ಶಿಕ್ಷಕರೊಬ್ಬರನ್ನೇ ಪಾಠದಿಂದ ಬಿಡಿಸಿ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಮಾಡುವುದು, ಅವರು ಶಾಲೆ ಶಾಲೆ ಸುತ್ತಿ ಶಿಕ್ಷಕರ ಪಕ್ಕದಲ್ಲಿ ಕೂತು ನೆರವಾಗುವುದು, ತಿಂಗಳಿಗೊಮ್ಮೆ ಸಮೂಹದ ಎಲ್ಲರೂ ಸೇರಿ ಸಮಾಲೋಚನಾ ಸಭೆ ನಡೆಸುವುದು, ಹೀಗೆ ಇತ್ತು ಯೋಜನೆ.

ಆಲೋಚನೆ ಇನ್ನೂ ಹಳೆಯದು. 1964-66ರ ಕೊಠಾರಿ ಆಯೋಗವೇ ಒಂದು ಪ್ರೌಢಶಾಲೆಯ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ಒಂದು ಗುಂಪಾಗಿ ಬೆಸೆಯುವ ಶಾಲಾ ಸಂಕೀರ್ಣದ ಮಾತಾಡಿತ್ತು. ಹಳ್ಳಿಯ ಒಂಟಿ ಶಾಲೆಯ ಒಂಟಿ ಶಿಕ್ಷಕ ಲೋಕದಿಂದ ದೂರ ಉಳಿಯಬಾರದು ಎಂಬುದು ಅದರ ಕಾಳಜಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್ ಬಂತು. ಇನ್ನೂ ಹಿಂದಕ್ಕೆ ಹೋದರೆ, ಉತ್ತರ ಕರ್ನಾಟಕದಲ್ಲಿ 1860ರ ದಶಕದಲ್ಲಿಯೇ ‘ಮಠಪತ್ರಿಕೆ’ ಎಂಬ ಹೆಸರಿನಲ್ಲಿ ಶಿಕ್ಷಕರಿಗಾಗಿಯೇ ಕನ್ನಡ ಪತ್ರಿಕೆ ಹೊರಟಿತ್ತು. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು, ಆಮೇಲೆ ‘ಜೀವನ ಶಿಕ್ಷಣ’ವಾಯಿತು. ಕನ್ನಡದ ಮೇಷ್ಟ್ರು ಓದುತ್ತ, ಬರೆಯುತ್ತ, ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತ ಬಂದು ಒಂದೂವರೆ ಶತಮಾನ ಕಳೆದಿದೆ.

ಹಾಗಾಗಿ ಶಿಕ್ಷಕರೇ ಮುಂದಾಳಾಗಿ ನಡೆಸುವ ಕಲಿಕೆ ಎಂದರೆ ಹೊರಗಿನಿಂದ ಆಮದಾದ ಹೊಸ ಮಾದರಿ ಅಂತ ಯಾರೂ ಗಾಬರಿಯಾಗಬೇಕಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ, ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್.ಮೂರ್ತಿರಾವ್ ಇಬ್ಬರೂ ಬಾಳಿನುದ್ದಕ್ಕೂ ಪಾಠ ಹೇಳಿದವರು. ಕನ್ನಡದ ನವೋದಯವನ್ನೇ ಮೇಷ್ಟ್ರುಗಳ ಸಹವಾಸದಲ್ಲಿ ಬೆಳೆದ ಫಸಲು ಎಂದರೆ ನಾನು ಒಪ್ಪುತ್ತೇನೆ.

ಕಾವೇರಿಯಾಚೆ ಆದದ್ದು

ಮಂಡ್ಯಕ್ಕೆ ಡಿಪಿಇಪಿ ಬಂದ ಹೊತ್ತಿನಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇನ್ನೊಂದು ಕೆಲಸ ಮೊಳೆತಿತ್ತು. ಕರ್ನಾಟಕದಲ್ಲಿ ಶಿಕ್ಷಕರೇ ಕಟ್ಟಿದ್ದು ಎಂದು ಎದೆತಟ್ಟಿ ಹೇಳಬಹುದಾದ ಕೆಲಸ ಅದು. ಕಾಡಂಚಿನ ತಾಲ್ಲೂಕು, ಚದುರಿದ ಹಾಡಿಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು. ಒಂದಷ್ಟು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ಕಣ್ಣಾರೆ ಕಂಡರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗದಲ್ಲಿ, ಕಾರ್ಡು ಹಿಡಿದು ಕಲಿಯುತ್ತಿದ್ದರು. ಕಂಡದ್ದನ್ನು ಇದ್ದ ಹಾಗೇ ಎತ್ತಿ ತರಲಿಲ್ಲ. ವಾಪಸು ಬಂದು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಬರೆದರು. ಹಾಡು ಕಟ್ಟಿದರು, ಆಟ ಹುಡುಕಿದರು, ತಮ್ಮ ಶಾಲೆಯಲ್ಲಿ ಪ್ರಯೋಗ ಮಾಡಿ ನೋಡಿ, ಮತ್ತೆ ಸೇರಿ ತಿದ್ದಿದರು. 1995ರಲ್ಲಿ, ಯುನಿಸೆಫ್ ನೆರವಿನಲ್ಲಿ ಹೀಗೆ ಹುಟ್ಟಿದ್ದು ‘ನಲಿ-ಕಲಿ’.

ನಲಿ-ಕಲಿಯ ಕೋಣೆಗೆ ಹೋದವರಿಗೆ ಅದರ ಸೊಗಸು ಗೊತ್ತು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಕೆಲಸ ತೂಗಾಡುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಮೇಜು-ಕುರ್ಚಿ ಇಲ್ಲ, ಗುಂಪು ಗುಂಪಾಗಿ ತಟ್ಟೆಗಳು. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ನೆರವು ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಅಕ್ಷರ ಶುರುವಾಗುವುದು ‘ಅ ಆ ಇ ಈ’ಯಿಂದಲ್ಲ, ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಸರ, ರಸ, ದರ, ಅಗಸ, ಅರಸ ಓದಿಬಿಡುತ್ತದೆ. ‘ಗರಗಸ’ ಎಂಬಷ್ಟು ಉದ್ದದ ಪದವನ್ನು ಮೊದಲ ತಿಂಗಳುಗಳಲ್ಲೇ ಓದಿದ ಮಗುವಿನ ಮುಖ ನೋಡಬೇಕು. ವರ್ಣಮಾಲೆ ಪೂರ್ತಿ ಬಾಯಿಪಾಠವಾಗುವ ತನಕ ಕಾಯಬೇಕಿಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ, ಎಲ್ಲಿ ಅವರಿಗೆ ಹುಮ್ಮಸ್ಸು ಬರುತ್ತದೆ ಎಂಬುದನ್ನು ನೆಲದ ಮೇಲೆ ಕೂತು ನೋಡಿದವರಿಗೆ ಮಾತ್ರ ಹೊಳೆಯುವ ಕ್ರಮ ಇದು.

2009-10ರಲ್ಲಿ ಸರ್ಕಾರ ನಲಿ-ಕಲಿಯನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಒಳ್ಳೆಯದನ್ನು ಎಲ್ಲ ಮಕ್ಕಳಿಗೂ ಕೊಡಬೇಕು ಎಂಬ ಉದ್ದೇಶವನ್ನು ಗೌರವಿಸಲೇಬೇಕು. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ಬರೆದು, ಅಳಿಸಿ, ಮತ್ತೆ ಬರೆದಿದ್ದ ಕಾರ್ಡು ಉಳಿದೆಲ್ಲ ಕಡೆಗೆ ಅಚ್ಚಾಗಿ, ಕಿಟ್ಟಾಗಿ ಬಂತು. ಜೊತೆಗೆ ಕೆಲವೇ ದಿನದ ತರಬೇತಿ. ಕಾರ್ಡು ಹೋಯಿತು, ಕಾರ್ಡು ಬರೆದ ಅನುಭವ ಹೋಗಲಿಲ್ಲ. ಎಷ್ಟೋ ಶಾಲೆಗಳಲ್ಲಿ ನಲಿ-ಕಲಿ ಅಂದರೆ ಭರ್ತಿ ಮಾಡಬೇಕಾದ ಪ್ರಗತಿ ನೋಟ ಎಂದಷ್ಟೇ ಆಯಿತು. ಅದೇ ಹೊತ್ತಿಗೆ, ಕಾರ್ಡನ್ನು ತನ್ನೂರಿಗೆ ತಕ್ಕಂತೆ ತಿದ್ದಿಕೊಂಡ ಶಿಕ್ಷಕಿಯರೂ ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಅವರ ಕೋಣೆಯಲ್ಲಿ ಅದು ಇವತ್ತಿಗೂ ನಲಿಯುತ್ತ ಕಲಿಯುವುದೇ ಆಗಿದೆ. ಈ ಎರಡು ಕೋಣೆಗಳ ನಡುವಿನ ವ್ಯತ್ಯಾಸ ಸಾಮಗ್ರಿಯದ್ದಲ್ಲ, ಒಡೆತನದ್ದು.

ಸಭೆಗೆ ಏನಾಯಿತು

ಸರ್ವ ಶಿಕ್ಷಣ ಅಭಿಯಾನ 2001ರಿಂದ ಡಿಪಿಇಪಿಯ ಜಾಗಕ್ಕೆ ಬಂತು. ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 20 ದಿನ ಸೇವಾನಿರತ ತರಬೇತಿ ಎಂಬ ಲೆಕ್ಕ, ಕಲಿಕೋಪಕರಣ ಮಾಡಿಕೊಳ್ಳಲು ವರ್ಷಕ್ಕೆ 500 ರೂಪಾಯಿ. ಸಮೂಹದ ಮಟ್ಟದ ಸಭೆಗಳೂ ಆ ಲೆಕ್ಕದಲ್ಲಿ ಸೇರಿದವು. ಮೇಲಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ತರಬೇತಿ ಇಳಿಯಿತು: ರಾಜ್ಯದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯಲ್ಲಿ ಇನ್ನು ಕೆಲವರಿಗೆ, ಅವರಿಂದ ತಾಲ್ಲೂಕಿನಲ್ಲಿ ಎಲ್ಲರಿಗೆ. ಪ್ರತಿ ಮೆಟ್ಟಿಲಿನಲ್ಲೂ ಒಂದಷ್ಟು ಸಾರ ಸೋರಿ, ಹೋಬಳಿಯ ಶಿಕ್ಷಕಿಗೆ ತಲುಪುವ ಹೊತ್ತಿಗೆ ಉಳಿಯುವುದು ಸ್ಲೈಡು ಮತ್ತು ಸಹಿ ಪಟ್ಟಿ.

ಸಮಾಲೋಚನಾ ಸಭೆಯೂ ಬಹಳ ಕಡೆ ಹಾಗೆಯೇ ಬಡವಾಯಿತು. ವಿದ್ಯಾರ್ಥಿಗಳ ಮಾಹಿತಿಯ ಜಾಲತಾಣ ಎಸ್‌ಎಟಿಎಸ್‌ನಲ್ಲಿ ಯಾರ ಮಾಹಿತಿ ಬಾಕಿ, ಆಧಾರ್ ಜೋಡಣೆ ಎಲ್ಲಿಗೆ ಬಂತು, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಶೂ-ಸಾಕ್ಸಿನ ವೋಚರು, ಇಲಾಖೆಯ ಹೊಸ ಸುತ್ತೋಲೆ. ಇವು ಬೇಡದ ಕೆಲಸಗಳೇನಲ್ಲ, ಮಗುವಿಗೆ ಮೊಟ್ಟೆ ತಲುಪಬೇಕು. ಆದರೆ ಇವೆಲ್ಲ ಮುಗಿಯುವ ಹೊತ್ತಿಗೆ ಊಟದ ವೇಳೆ ದಾಟಿರುತ್ತದೆ. ‘ಅಕ್ಕಿ ಆರುತ್ತದೆ’ ಎಂದು ಬರೆದ ಮಗುವಿನ ಸರದಿ ಬರುವುದೇ ಇಲ್ಲ. ಸಿಆರ್‌ಪಿಯ ಪಾಡೂ ಇದೇ. ಶಿಕ್ಷಕರ ಪಕ್ಕ ಕೂರಬೇಕಾದವರು ಮಾಹಿತಿ ಸಂಗ್ರಹಿಸಿ ಮೇಲಕ್ಕೆ ಕಳಿಸುವ ಕೊಂಡಿಯಾಗಿ ಸವೆಯುತ್ತಿದ್ದಾರೆ. ಒಳ್ಳೆಯ ಶಿಕ್ಷಕರನ್ನೇ ಆರಿಸಿ ತಂದು ಈ ಕೆಲಸಕ್ಕೆ ಹಚ್ಚುವುದು ಎರಡು ಪಟ್ಟು ನಷ್ಟ: ತರಗತಿಗೂ ಅವರಿಲ್ಲ, ಶಿಕ್ಷಕರಿಗೂ ಅವರಿಲ್ಲ.

ತರಬೇತಿಯ ನಿಜವಾದ ಬೆಲೆ ಗೊತ್ತಾಗುವುದು ಸಣ್ಣ ಶಾಲೆಯಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಇಬ್ಬರು, ಐದು ತರಗತಿ. ಒಬ್ಬರು ಓಓಡಿ (ಅನ್ಯ ಕರ್ತವ್ಯ) ಮೇಲೆ ಬಿಆರ್‌ಸಿಗೆ ಹೋದರೆ ಉಳಿದವರ ಪಾಲಿಗೆ ಐದೂ ತರಗತಿ, ಬಿಸಿಯೂಟ, ಹಾಲು, ಫೋನು, ಊರಿನವರು ಎಲ್ಲವೂ. ಆ ದಿನ ಅಲ್ಲಿ ಪಾಠ ನಡೆಯುವುದು ಕಷ್ಟ. ಹೀಗಿರುವಾಗ ಹೋದವರು ಬರಿಗೈಯಲ್ಲಿ ಬಂದರೆ ಆ ದಿನವನ್ನು ಮಕ್ಕಳಿಂದ ಕಿತ್ತುಕೊಂಡ ಹಾಗೆ. ಇದರ ಮೇಲೆ ಚುನಾವಣೆ, ಬಿಎಲ್‌ಓ, ಸಮೀಕ್ಷೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರು. ಅದು ಮುಗಿಯದ್ದರಿಂದ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ವಿಸ್ತರಿಸಬೇಕಾಯಿತು. ಶಿಕ್ಷಕರ ಸಮಯಕ್ಕೆ ಇಷ್ಟು ಕಡೆಯಿಂದ ಬೇಡಿಕೆ ಇರುವಾಗ, ಅವರ ಸ್ವಂತ ಕಲಿಕೆಗೆಂದು ಉಳಿಯುವ ಒಂದೊಂದು ಗಂಟೆಯೂ ಅವರ ಆಯ್ಕೆಗೆ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಯ್ಕೆಯ ಮಾತು ಇಲಾಖೆಗೆ ಹೊಸದಲ್ಲ. 2017ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ-ತರಬೇತಿ ಸಂಸ್ಥೆ ಡಿಎಸ್‌ಇಆರ್‌ಟಿ ತಂದ ‘ಗುರುಚೇತನ’ದಲ್ಲಿ ಶಿಕ್ಷಕರು ತಮಗೆ ಬೇಕಾದ ಮಾಡ್ಯೂಲನ್ನು ತಾವೇ ಆರಿಸಿಕೊಳ್ಳಬಹುದಿತ್ತು. ಎಲ್ಲರಿಗೂ ಒಂದೇ ಔಷಧ ಎಂಬ ರೂಢಿಯಿಂದ ಅದು ದೊಡ್ಡ ಹೆಜ್ಜೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಬೆಳವಣಿಗೆ ಎಂದಿದೆ, ಅದು ಶಿಕ್ಷಕರ ಸ್ವಂತ ಆಸಕ್ತಿಯ ಜಾಡಿನಲ್ಲಿರಲಿ ಎಂದೂ ಹೇಳಿದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ. ನೆಲದ ಮೇಲೆ ಈ 50 ಗಂಟೆ ಬಹುಪಾಲು ದೀಕ್ಷಾ ಆ್ಯಪಿನ ಕೋರ್ಸುಗಳಲ್ಲಿ ಕರಗುತ್ತಿದೆ. ಮೊಬೈಲಿನಲ್ಲಿ ವಿಡಿಯೊ ಓಡುತ್ತದೆ, ಕೊನೆಗೆ ಪ್ರಶ್ನೆ, ಸರ್ಟಿಫಿಕೇಟು. ಒಳ್ಳೆಯ ಕೋರ್ಸುಗಳು ಇವೆ. ಆದರೆ ಮೊಬೈಲಿಗೆ ನಿಮ್ಮ ಶಾಲೆಯ ಮಗುವಿನ ಸ್ಲೇಟು ಕಾಣುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ನೆಲ

ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳನ್ನೇ ಒಟ್ಟಿಗೆ ನೋಡಿದರೆ ಶಿಕ್ಷಕರು ಪರಸ್ಪರ ಕಲಿಯುವುದಕ್ಕೆ ಎಷ್ಟು ದೊಡ್ಡ ಬಂಡವಾಳ ಇದೆ ಎಂದು ಗೊತ್ತಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ್ದು ಕೆಆರ್‌ಎಸ್ ನಾಲೆಯ ನೀರು, ಕಬ್ಬು, ಭತ್ತ. ಕೆ.ಆರ್.ಪೇಟೆಗೆ ಹೇಮಾವತಿ ಹರಿಯುತ್ತಾಳೆ, ಅಂಚಿನಲ್ಲಿ ಒಣಭೂಮಿಯೂ ಇದೆ. ನಾಗಮಂಗಲ ರಾಗಿಯ, ತೆಂಗಿನ, ಕೊಳವೆಬಾವಿಯ ಸೀಮೆ. ಒಂದೇ ಪಠ್ಯಪುಸ್ತಕ ನಾಲ್ಕು ನೆಲಕ್ಕೂ ಹೋಗುತ್ತದೆ. ಅದನ್ನು ಆಯಾ ನೆಲಕ್ಕೆ ಬೇರೂರಿಸುವುದು ಮೇಷ್ಟ್ರ ಕೆಲಸ.

ಪಾಂಡವಪುರದ ಚಿನಕುರಳಿ ಕಡೆಯ ಮಗುವಿಗೆ ವಿಸ್ತೀರ್ಣ ಎಂದರೆ ಗುಂಟೆ. 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ, ಇಂಥ 40 ಸೇರಿದರೆ ಎಕರೆ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಒಂದು ಗುಂಟೆ ಎಳೆದು ಮಕ್ಕಳನ್ನು ಒಳಗೆ ನಿಲ್ಲಿಸಿದರೆ ಚದರಡಿ ಎಂಬ ಅಮೂರ್ತ ಸಂಗತಿಗೆ ನೆಲ ಸಿಗುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದು, ನಿಲ್ಲಿಸುವುದು ಅಪ್ಪನ ಚಿಂತೆಯಾಗಿ ಮನೆಯಲ್ಲಿ ದಿನವೂ ಕೇಳುವ ಮಾತು. ಅದರಲ್ಲೇ ದಿನಗಳ ಲೆಕ್ಕ, ಪಾಲಿನ ಲೆಕ್ಕ, ಭಿನ್ನರಾಶಿ ಎಲ್ಲ ಅಡಗಿದೆ. ಒಂದು ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ. ಶೇಕಡಾ ಲೆಕ್ಕಕ್ಕೆ ಆಲೆಮನೆಗಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಕೆ.ಆರ್.ಪೇಟೆಯ ಮೇಷ್ಟ್ರು ಮಕ್ಕಳನ್ನು ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗೆ ಕರೆದುಕೊಂಡು ಹೋಗಿ, ಜಗತಿಯ ಮೂಲೆಗಳನ್ನು ಎಣಿಸುತ್ತ ಸಮಮಿತಿ ಕಲಿಸಬಹುದು. ಶ್ರೀರಂಗಪಟ್ಟಣದ ಸಮಾಜ ವಿಜ್ಞಾನದ ಶಿಕ್ಷಕರಿಗೆ 1799ರ ಮುತ್ತಿಗೆಯ ಕೋಟೆಗೋಡೆ ನಡಿಗೆಯ ದೂರದಲ್ಲಿದೆ. ಆ ಕೋಟೆಯನ್ನು ಮಕ್ಕಳಿಗೆ ಹೇಗೆ ತೋರಿಸಬೇಕು, ಏನು ಕೇಳಬೇಕು, ಯಾವುದನ್ನು ಹೇಳದೆ ಬಿಟ್ಟು ಅವರೇ ಕಂಡುಕೊಳ್ಳಲು ಬಿಡಬೇಕು ಎಂಬುದನ್ನು ಅವರು ನಾಗಮಂಗಲದ, ಬಿಂಡಿಗನವಿಲೆಯ ಗೆಳೆಯರಿಗೆ ಹೇಳಿಕೊಟ್ಟರೆ ಪ್ರವಾಸದ ದಿನ ಬರೀ ಫೋಟೊ ದಿನವಾಗುವುದಿಲ್ಲ.

ಇಂಥ ಕೊಡುಕೊಳೆಗೆ ನೆರವಾಗಲು ಬಂದ ಸಂಸ್ಥೆಗಳೂ ಇವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿಯ ಸುರಪುರ ಭಾಗದಲ್ಲಿ ಶಿಕ್ಷಕರ ಸ್ವಯಂಪ್ರೇರಿತ ವೇದಿಕೆಗಳಿಗೆ ಜೊತೆಯಾಯಿತು. ಮಂಡ್ಯದಲ್ಲಿಯೂ ಅದು ಶಿಕ್ಷಕರೊಡನೆ ಕೆಲಸ ಮಾಡುತ್ತ ಬಂದಿದೆ. ಶಾಲೆ ಮುಗಿದ ಮೇಲೆ, ರಜಾದಿನಗಳಲ್ಲಿ, ಓಓಡಿ ಇಲ್ಲದೆ, ಟಿಎ-ಡಿಎ ಇಲ್ಲದೆ ಶಿಕ್ಷಕರು ಸೇರಿ ಒಂದು ವಿಷಯ ಎತ್ತಿಕೊಂಡು ಮಾತಾಡುವುದು ಈ ವೇದಿಕೆಗಳ ಬಗೆ. ಹೈಸ್ಕೂಲಿನವರಿಗಾಗಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದ್ದವು. ಗಣಿತದ, ವಿಜ್ಞಾನದ ಶಿಕ್ಷಕರು ತಾವು ಮಾಡಿದ ಸಾಮಗ್ರಿಯನ್ನು ಕನ್ನಡದಲ್ಲೇ ಹಂಚಿಕೊಂಡರು.

ಸ್ವಯಂಪ್ರೇರಣೆ ದೊಡ್ಡದು, ಅದನ್ನು ಕಂಡು ಹೃದಯ ತುಂಬುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಸಂಜೆ ಐದರ ಸಭೆಗೆ, ಭಾನುವಾರದ ಸಭೆಗೆ ಯಾರು ಬರಲಾರರು? ನಾಗಮಂಗಲದ ಒಳಹಳ್ಳಿಯಿಂದ ಕೊನೆಯ ಬಸ್ಸು ಹಿಡಿಯಬೇಕಾದವರು. ಮನೆಗೆ ಹೋಗಿ ಒಲೆ ಹಚ್ಚಬೇಕಾದವರು, ಮಗುವನ್ನು, ಅತ್ತೆ-ಮಾವಂದಿರನ್ನು ನೋಡಿಕೊಳ್ಳಬೇಕಾದವರು. ಕೆಳಗಿನ ತರಗತಿಗಳನ್ನು ಹೊತ್ತಿರುವ ಶಿಕ್ಷಕಿಯರೇ ಹೀಗೆ ಹೊರಗುಳಿದರೆ ವೇದಿಕೆಯಲ್ಲಿ ಅರ್ಧ ಅನುಭವ ಮಾತ್ರ ಇರುತ್ತದೆ. ಶಿಕ್ಷಕರ ಕಲಿಕೆ ಕೆಲಸದ ಭಾಗ ಎಂದಾದರೆ ಅದು ಕೆಲಸದ ಹೊತ್ತಿನಲ್ಲೇ ನಡೆಯಬೇಕು. ಅದಕ್ಕೆ ಈಗಾಗಲೇ ಇರುವ ಹೊತ್ತು ಸಮಾಲೋಚನಾ ಸಭೆಯದು.

ನೋಡುವುದನ್ನು ಕಲಿಯುವುದು

ಆ ಹೊತ್ತಿನಲ್ಲಿ ಏನು ಮಾಡಬಹುದು? ಜಪಾನಿನ ಶಾಲೆಗಳಲ್ಲಿ ಒಂದು ಪದ್ಧತಿ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಚಿಸಿ ರೂಪಿಸುತ್ತಾರೆ. ಅವರಲ್ಲೊಬ್ಬರು ಮಕ್ಕಳಿಗೆ ಅದನ್ನು ಮಾಡುತ್ತಾರೆ. ಉಳಿದವರು ಗೋಡೆಬದಿ ನಿಂತು ಶಿಕ್ಷಕರನ್ನಲ್ಲ, ಮಕ್ಕಳನ್ನು ನೋಡುತ್ತಾರೆ: ಯಾವ ಮಗು ಎಲ್ಲಿ ತಡವರಿಸಿತು, ಯಾವ ಮಾತಿಗೆ ಕಣ್ಣರಳಿಸಿತು, ಯಾರು ಪಕ್ಕದವರ ಪುಸ್ತಕ ನೋಡಿದರು. ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲಿ ಸಮಾಲೋಚನಾ ಸಭೆಯ ‘ಮಾದರಿ ಪಾಠ’ ಎಂದರೆ ಸಾಮಾನ್ಯವಾಗಿ ದೊಡ್ಡವರ ಎದುರು ದೊಡ್ಡವರು ಮಾಡುವ ಪಾಠ. ಮಕ್ಕಳಿರುವುದಿಲ್ಲ, ಹಾಗಾಗಿ ಪಾಠ ಎಂದೂ ಸೋಲುವುದಿಲ್ಲ. ಕೊನೆಗೆ ಚಪ್ಪಾಳೆ. ಮಕ್ಕಳಿರುವ ನಿಜವಾದ ತರಗತಿಯಲ್ಲಿ ಪಾಠ ಮಾಡಿ, ಅದು ಎಲ್ಲಿ ಎಡವಿತು ಎಂದು ಗೆಳೆಯರ ಬಾಯಿಂದ ಕೇಳುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಬರುವುದು ಅಧಿಕಾರಿಗಳು ಗೈರಾಗಿದ್ದಾಗ, ಅಂಕ ಕೊಡುವವರು ಇಲ್ಲದಾಗ.

ನಮ್ಮ ದೇಶದಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಮಧ್ಯಪ್ರದೇಶದ ಹೋಶಂಗಾಬಾದಿನದು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಅಲ್ಲಿನ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಯಾವ ಪ್ರಶ್ನೆ ಕೇಳಿದರು ಎಂದು ಹೇಳಿಕೊಳ್ಳುತ್ತಿದ್ದರು. ಅವರ ಮಾತಿನಂತೆ ಪುಸ್ತಕವೇ ಬದಲಾಗುತ್ತಿತ್ತು. ಮೂವತ್ತು ವರ್ಷ ನಡೆದ ಆ ಕೆಲಸವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ನಿಲ್ಲಿಸಲು ಒಂದು ಆದೇಶ ಸಾಕಾಯಿತು. ಶಿಕ್ಷಕರು ಕಟ್ಟಿದ್ದಕ್ಕೆ ವ್ಯವಸ್ಥೆಯ ಒಳಗೆ ರಕ್ಷಣೆ ಇರದಿದ್ದರೆ ಏನಾಗುತ್ತದೆ ಎಂದು ಇದು ತೋರಿಸುತ್ತದೆ.

ಮಂಡ್ಯದ ಒಂದು ಸಮೂಹದಲ್ಲಿ ಇಂಥ ಸಭೆ ನಡೆಸುವುದಕ್ಕೆ ಹೊಸ ಅನುದಾನ ಬೇಕಿಲ್ಲ. ಸುತ್ತೋಲೆ, ಮಾಹಿತಿಯೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೋಗಲಿ, ಅದಕ್ಕೆ ಸಭೆ ಬೇಡ. ಸಭೆಗೆ ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ನೋಟ್‌ಬುಕ್ ತರಲಿ, ಚೆನ್ನಾಗಿ ಬರೆದ ಮಗುವಿನದ್ದಲ್ಲ, ತಮಗೆ ಒಗಟಾಗಿರುವ ಮಗುವಿನದ್ದು. 52ರಲ್ಲಿ 17 ಕಳೆದರೆ 45 ಎಂದು ಬರೆದ ಮಗುವಿನ ಪುಟ ಮೇಜಿನ ಮೇಲೆ ಬಂದರೆ, ‘ಗಮನ ಇಲ್ಲ ಸರ್ ಇವನಿಗೆ’ ಎಂದು ಒಬ್ಬರು ಅನ್ನಬಹುದು. ‘ಇಲ್ಲ ಮೇಡಂ, ಏಳರಲ್ಲಿ ಎರಡು, ಐದರಲ್ಲಿ ಒಂದು ಕಳೆದಿದ್ದಾನೆ, ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದೀವಲ್ಲ’ ಎಂದು ಇನ್ನೊಬ್ಬರು ತಿದ್ದಬಹುದು. ಮೂರನೆಯವರು ಚೀಲದಿಂದ ಹತ್ತು ಹತ್ತರ ಕಡ್ಡಿಕಟ್ಟು ತೆಗೆದು, ಒಂದು ಕಟ್ಟಿನ ದಾರ ಬಿಚ್ಚಿ ಬಿಡಿ ಮಾಡುವುದನ್ನು ತೋರಿಸುತ್ತಾರೆ. ಬರೀ ‘ಸಾಲ ತಗೋ’ ಎಂದು ಹೇಳಿದಾಗ ಅರ್ಥವಾಗದ್ದು, ದಾರ ಬಿಚ್ಚುವುದನ್ನು ಮಗು ತಾನೇ ಮಾಡಿದಾಗ ಅರ್ಥವಾಗುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು, ಅಲ್ಲಿ ಕೂತ ಅಷ್ಟೂ ಶಾಲೆಗಳಿಗೆ ಅದು ತಲುಪುತ್ತದೆ.

ಈ ಸಭೆಯ ವಿಷಯವನ್ನು ಹಿಂದಿನ ಸಭೆಯಲ್ಲಿ ಶಿಕ್ಷಕರೇ ಆರಿಸಲಿ. ನಡೆಸುವವರು ಸರದಿಯಂತೆ ಬದಲಾಗಲಿ, ಪ್ರತಿ ಸಲವೂ ಮಾತುಗಾರರೇ ಮಾತಾಡುವುದು ಬೇಡ. ಬಿಇಓ, ಡಯಟಿನವರು ಬರುವುದಾದರೆ ಕೇಳಲು ಬರಲಿ. ಶಿಕ್ಷಕರ ಸಂಘವೂ ವರ್ಗಾವಣೆ, ಪಿಂಚಣಿಯ ಹೋರಾಟದ ಜೊತೆಗೆ ಇದನ್ನು ತನ್ನ ಹಕ್ಕೊತ್ತಾಯದ ಪಟ್ಟಿಗೆ ಸೇರಿಸಬೇಕು: ಸಮಾಲೋಚನಾ ಸಭೆ ಶಿಕ್ಷಕರದ್ದು, ಅದನ್ನು ನಮಗೆ ಬಿಡಿ. ತಾಲ್ಲೂಕು ಕೇಂದ್ರದಲ್ಲಿ ಗುರುಭವನ ಇರುವ ಕಡೆ ಒಂದು ಕೋಣೆಯಲ್ಲಿ ಶಿಕ್ಷಕರು ಬರೆದ ಟಿಪ್ಪಣಿ, ಮಾಡಿದ ಉಪಕರಣ, ನಾಲ್ಕು ಕಪಾಟು ಪುಸ್ತಕ ಇಡಲಿ.

ಇದರಲ್ಲಿ ಆತುರ ಮಾಡಬೇಕಾದ ಕಾರಣ ಒಂದಿದೆ. ಡಿಪಿಇಪಿಯ ಕಾಲದಲ್ಲಿ, 1990ರ ದಶಕದಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದವರು ಈಗ ಅರವತ್ತರ ಹತ್ತಿರ ಬಂದಿದ್ದಾರೆ. ಕೈಯಾರೆ ಕಾರ್ಡು ಬರೆದವರು, ಸಿಆರ್‌ಸಿಯ ಮೊದಲ ಸಭೆಗಳನ್ನು ಕಂಡವರು, ಹಾಡು ಕಟ್ಟಿ ಹಾಡಿದವರು ಇವರೇ. ಅಪ್ಪ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟಿದ ದಿನದವರು ಅವರಲ್ಲಿ ಬಹಳ. ನಿಯಮದಂತೆ ಅವರೆಲ್ಲ ಮೇ 31ಕ್ಕೆ ನಿವೃತ್ತರಾಗುತ್ತಾರೆ. ಮೇ ತಿಂಗಳ ಬಹುಪಾಲು ಬೇಸಿಗೆ ರಜೆ, ಶಾಲೆಯಲ್ಲಿ ಮಕ್ಕಳಿರುವುದಿಲ್ಲ. ಹಾರ, ಶಾಲು, ಫಲತಾಂಬೂಲದ ಬೀಳ್ಕೊಡುಗೆ ನಡೆದು, ಮೂವತ್ತು ವರ್ಷದ ಒಂದನೇ ತರಗತಿ ಅವರ ಜೊತೆಗೇ ಮನೆಗೆ ಹೋಗುತ್ತದೆ. ಹೋಗುವ ಮುಂಚಿನ ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ಅವರ ಸಮೂಹದ ಒಂದು ಸಭೆಯನ್ನು ಪೂರ್ತಿ ಅವರಿಗೆ ಬಿಟ್ಟುಕೊಡಬೇಕು. ಹೊಸದಾಗಿ ಸೇರಿದ ಶಿಕ್ಷಕರೊಬ್ಬರು ಪಕ್ಕದಲ್ಲಿ ಕೂತು, ಯಾವ ಮಗುವಿಗೆ ಏನು ಮಾಡಿದಿರಿ, ಹೇಗೆ ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳಬೇಕು. ಆ ಬರಹದ ಒಂದು ಪ್ರತಿ ಬಿಆರ್‌ಸಿಯಲ್ಲಿ, ಒಂದು ಪ್ರತಿ ಆ ಹೋಬಳಿಯ ಪ್ರತಿ ಶಾಲೆಯ ಬೀರುವಿನಲ್ಲಿ ಇರಬೇಕು.